ಓರೆಯಿಲ್ಲದ ನೇರವುಂಟೆ?

ಈಚೆಗೆ ನನ್ನ ಹಳೆಯ ಕಾರು ಒಂದು ಬಗೆಯ ಪಕ್ಷಪಾತವನ್ನು ತೋರಿಸತೊಡಗಿತ್ತು. ಹೆದ್ದಾರಿಯಲ್ಲಿ ಎಷ್ಟೇ ನಿಷ್ಠೆಯಿಂದ ನಡೆಸಿದರೂ, ಸ್ಟಿಯರಿಂಗಿನ ಮೇಲಣ ಕೈಯ ಬಿಗಿ ತುಸು ಸಡಿಲವಾಯಿತೆಂದರೆ, ಸಂಜೆಯ ಹೊತ್ತು ಎತ್ತು ಕೊಟ್ಟಿಗೆಯ ಕಡೆಗೆ ತಿರುಗುವಂತೆ ಅದು ಎಡಕ್ಕೆ ಎಳೆಯುತ್ತಿತ್ತು. ಮುಂದಣ ಟೈರುಗಳ ಒಳ ಅಂಚು ಸವೆದು ಬೋಳಾಗಿ, ಹೊರ ಅಂಚು ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಉಳಿದಿತ್ತು. ಊರಾಚೆಯ ಒಂದು ಟೈರಂಗಡಿಗೆ ಕೊಂಡೊಯ್ದು, ಅಲ್ಲಿನ ವಯಸ್ಸಾದ ಮೇಸ್ತ್ರಿಯೊಡನೆ, ‘ಚಕ್ರಗಳನ್ನು ಸರಿಯಾಗಿ ನೇರಕ್ಕೆ ನಿಲ್ಲಿಸಿಕೊಡಿ, ಮೇಸ್ತ್ರಿ’ ಎಂದೆನು. ಆತನು ಮೊಳಕಾಲೂರಿ, ಟೈರಿನ ಮೈಯನ್ನು ಅಂಗೈಯಿಂದ ಸವರಿ ನೋಡಿ, ತಲೆಯೆತ್ತದೆಯೇ, ‘ನೇರಕ್ಕೆ ನಿಲ್ಲಿಸಿದರೆ ಗಾಡಿ ನೇರಕ್ಕೆ ಹೋಗೋಲ್ಲ ಸಾರ್. ಎರಡಕ್ಕೂ ಒಂಚೂರು ಒಳಕ್ಕೆ ಕೊಡಬೇಕು’ ಎಂದನು. ಜೀವಮಾನವೆಲ್ಲ ನೇರ ಎಂಬ ಶಬ್ದವನ್ನು ನಿಶ್ಶಂಕೆಯಿಂದ ಬಳಸಿಕೊಂಡು ಬಂದವನಿಗೆ, ಗ್ರೀಸು ಮೆತ್ತಿದ ಕೈಯೊಂದು ಅದರ ಅರ್ಥವನ್ನು ಹೀಗೆ ತಿರುಗಿಸಿಟ್ಟದ್ದು ಆ ದಿನವೆಲ್ಲ ತಲೆಯಲ್ಲಿ ಸುಳಿದಾಡುತ್ತಿತ್ತು.

ಆತನದು ಚಮತ್ಕಾರದ ಮಾತಲ್ಲ. ಯಂತ್ರಶಾಸ್ತ್ರದ ನಿಶ್ಚಿತವಾದ ಮಾತು. ಹಿಂದಿನ ಚಕ್ರಗಳು ನೂಕಿ ಓಡಿಸುವ ಕಾರಿನಲ್ಲಿ ಮುಂದಿನ ಚಕ್ರಗಳು ರಸ್ತೆಯ ಪ್ರತಿರೋಧವನ್ನು ಎದುರಿಸಿಕೊಂಡು ಉರುಳುವುದರಿಂದ, ಕೀಲುಗಳಲ್ಲಿಯೂ ರಬ್ಬರು ಬುಷ್‌ಗಳಲ್ಲಿಯೂ ಇರುವ ಅತ್ಯಲ್ಪವಾದ ಸಡಿಲವನ್ನು ಬಳಸಿಕೊಂಡು ಅವುಗಳ ಮೂತಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಆದಕಾರಣ, ನಿಂತಾಗ ಅವು, ಕಾಲಿನ ಹೆಬ್ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಿಂತ ಮಗುವಿನಂತೆ, ಒಂದೆರಡು ಮಿಲಿಮೀಟರಿನಷ್ಟು ಒಳಮುಖವಾಗಿದ್ದರೆ ಮಾತ್ರ ಓಡುವಾಗ ಪರಸ್ಪರ ಸಮಾನಾಂತರವಾಗುತ್ತವೆ. ಮುಂದಿನ ಚಕ್ರಗಳೇ ಎಳೆದೊಯ್ಯುವ ಈಗಿನ ಕಾರುಗಳಲ್ಲಿ ಬಲದ ದಿಕ್ಕು ಬೇರೆಯಾದ್ದರಿಂದ ಲೆಕ್ಕವೂ ಬೇರೆ. ಚಕ್ರವು ಯಾವುದರ ಮೇಲೆ ತಿರುಗುವುದೋ ಆ ಕೀಲಿನ ಅಕ್ಷವಾದರೋ ಲಂಬವಾಗಿರದೆ ಹಿಂದಕ್ಕೆ ವಾಲಿರುತ್ತದೆ. ಸೈಕಲ್ಲಿನ ಹ್ಯಾಂಡಲು ಕೂರುವ ಕೊಳವೆಯನ್ನು ಪಕ್ಕದಿಂದ ನೋಡಿದವರಿಗೆ ಈ ವಾಲು ಪರಿಚಿತವೇ. ಆ ಅಕ್ಷದ ಗೆರೆಯನ್ನು ಕೆಳಕ್ಕೆ ಬೆಳೆಸಿದರೆ, ಚಕ್ರವು ನೆಲವನ್ನು ಮುಟ್ಟುವ ಎಡೆ ಅದಕ್ಕಿಂತ ಹಿಂದೆ ಉಳಿಯುವುದರಿಂದ, ಚಕ್ರವು ಅತ್ತಿತ್ತ ತಿರುಗಿದರೂ ತಾನಾಗಿ ದಾರಿಗೆ ಮರಳಲು ಹವಣಿಸುತ್ತದೆ. ಹುಡುಗರು ಎರಡೂ ಕೈ ಬಿಟ್ಟು ಸೈಕಲ್ಲು ತುಳಿದು ಮೆರೆಯುವ ಶೌರ್ಯದಲ್ಲಿ ಒಂದು ಪಾಲು ಈ ಓರೆಗೇ ಸಲ್ಲತಕ್ಕದ್ದು.

ರೈಲ್ವೆಯ ಹಳಿಯೂ ಹೀಗೆಯೇ. ನಮ್ಮ ದೇಶದಲ್ಲಿ ಹಳಿಗಳನ್ನು ಲಂಬವಾಗಿ ನಿಲ್ಲಿಸದೆ ಇಪ್ಪತ್ತಕ್ಕೆ ಒಂದರ ಪ್ರಮಾಣದಲ್ಲಿ ಒಳಕ್ಕೆ ವಾಲಿಸಿ ಕೂಡಿಸುತ್ತಾರೆ. ಚಕ್ರದ ಮೈ ಕೂಡ ಕೊಂಚ ಶಂಕುವಿನಾಕಾರ. ಜೋಡಿಚಕ್ರ ಎಡಕ್ಕೆ ಸರಿಯಿತೆಂದರೆ ಎಡಚಕ್ರದ ದಪ್ಪ ಭಾಗ ಹಳಿಯ ಮೇಲೆ ಬಂದು, ಅದು ಪ್ರತಿ ಸುತ್ತಿಗೂ ಹೆಚ್ಚು ದೂರ ಉರುಳಿ, ಜೋಡಿಯನ್ನು ಮತ್ತೆ ನಡುವಿಗೆ ತಿರುಗಿಸುತ್ತದೆ. ಕಣ್ಣಿಗೆ ನೇರದ ಪರಮಾವಧಿಯಾಗಿ ತೋರುವ ರೈಲು ವಾಸ್ತವವಾಗಿ ಅತ್ತಿತ್ತ ತೂಗಾಡಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಹೋಗುವ ಪ್ರಾಣಿ.

ಕನ್ನಡದಲ್ಲಿ ಈ ವ್ಯಾಪಾರಕ್ಕೆಲ್ಲ ಒಂದೇ ಹೆಸರಿಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಗ್ಯಾರೇಜಿನವರು ಅಲೈನ್‌ಮೆಂಟ್ ಎನ್ನುತ್ತಾರೆ. ಸೈಕಲ್ ರಿಪೇರಿಯವನು ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸಿ ರಿಮ್ಮಿನ ಬೆಂಡು ತೆಗೆಯುತ್ತಾನೆ. ಗಾರೆಯವನು ಗೋಡೆಯನ್ನು ತೂಕಕ್ಕೆ ತರುತ್ತಾನೆ, ನೆಲವನ್ನು ಮಟ್ಟಕ್ಕೆ ತರುತ್ತಾನೆ. ತೋಟದವನಿಗೆ ಅದು ಸಾಲು. ಪಾತ್ರೆಗಳನ್ನು ಜೋಡಿಸಿಡುವ ಗೃಹಿಣಿಗೆ ಓರಣ. ಪಂಕ್ತೀಕರಣವೆಂಬಂಥ ಗಂಭೀರವಾದ ಸಂಸ್ಕೃತ ಪದವೊಂದನ್ನು ಟಂಕಿಸಿ ಇವೆಲ್ಲವುಗಳ ಮೇಲೆ ಹೊದಿಸಬಹುದು, ನಿಜ. ಆದರೆ ಅದನ್ನು ಟೈರಂಗಡಿಯಲ್ಲಿ ಉಚ್ಚರಿಸುವ ಧೈರ್ಯ ನನಗಂತೂ ಇಲ್ಲ. ಇಷ್ಟು ಬಗೆಯ ಮಾತುಗಳಿರುವುದರಿಂದಲೇ ಒಂದು ಸಂಗತಿ ಹೊಳೆಯುತ್ತದೆ: ಯಾವ ವಸ್ತುವೂ ತನ್ನಷ್ಟಕ್ಕೆ ತಾನು ನೇರವಾಗಿರಲಾರದು. ಗೋಡೆ ತೂಗುಗುಂಡಿಗೆ ನೇರ, ಇಟ್ಟಿಗೆಯ ವರಸೆ ನೂಲಿಗೆ ನೇರ, ನೂಲಾದರೋ ತನ್ನನ್ನು ಕಟ್ಟಿದ ಎರಡು ಗೂಟಗಳಿಗೆ ನೇರ. ಆ ಗೂಟಗಳನ್ನು ನೆಟ್ಟವನು ಏನನ್ನು ನೋಡಿ ನೆಟ್ಟನು ಎಂದು ಕೇಳಹೊರಟರೆ ಪ್ರಶ್ನೆ ಎಲ್ಲಿಯವರೆಗೆ ಹೋಗುವುದೋ ಹೇಳಬರುವುದಿಲ್ಲ.

ನಮ್ಮ ಪ್ರಾಚೀನರು ಅದನ್ನು ಸೂರ್ಯನವರೆಗೆ ಕೊಂಡೊಯ್ದಿದ್ದರು. ಯಜ್ಞವೇದಿಗಳನ್ನು ರಚಿಸುವ ಕ್ರಮವನ್ನು ವಿಧಿಸುವ ಶುಲ್ಬಸೂತ್ರಗಳ ಹೆಸರಿನಲ್ಲಿಯೇ ಹಗ್ಗವೂ ಇದೆ, ನೂಲೂ ಇದೆ. ಶುಲ್ಬವೆಂದರೆ ಹಗ್ಗ, ಸೂತ್ರವೆಂದರೆ ನೂಲು. ಕಾತ್ಯಾಯನ ಶುಲ್ಬಸೂತ್ರದ ವಿಧಾನದಂತೆ, ಸಮತಟ್ಟಾದ ನೆಲದಲ್ಲಿ ಶಂಕುವೊಂದನ್ನು ನೆಟ್ಟು, ಅದರ ಸುತ್ತ ಹಗ್ಗದಿಂದ ವೃತ್ತವನ್ನೆಳೆದು, ನೆರಳಿನ ತುದಿ ಪೂರ್ವಾಹ್ಣದಲ್ಲಿ ವೃತ್ತವನ್ನು ಮುಟ್ಟುವ ಎಡೆಯಲ್ಲೊಂದು, ಅಪರಾಹ್ಣದಲ್ಲಿ ಮುಟ್ಟುವ ಎಡೆಯಲ್ಲೊಂದು ಗೂಟವನ್ನು ನೆಟ್ಟು, ಅವೆರಡನ್ನೂ ಕೂಡಿಸಿದರೆ ಪೂರ್ವಪಶ್ಚಿಮ ರೇಖೆ ದೊರೆಯುತ್ತದೆ. ಇಷ್ಟು ಸರಳವಾದ ಉಪಕರಣದಿಂದ ಇಷ್ಟು ನಿಖರವಾದ ದಿಕ್ಕು ದೊರೆಯುವುದೆಂಬುದು ಸೋಜಿಗವೇ ಸರಿ. ಆದರೂ ಆ ಎರಡು ಸ್ಪರ್ಶಗಳ ನಡುವಣ ಕೆಲವೇ ಗಂಟೆಗಳಲ್ಲಿ ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ಕಿಂಚಿತ್ತು ಸರಿದಿರುತ್ತಾನೆ. ಹಾಗಾಗಿ ಅಯನಗಳು ತಿರುಗುವ ದಿನಗಳನ್ನುಳಿದು ಮಿಕ್ಕ ದಿನಗಳಲ್ಲಿ ಆ ರೇಖೆಯೂ ಕೂದಲೆಳೆಯಷ್ಟು ಓರೆಯೇ.

ದಿಕ್ಕನ್ನು ಹೀಗೆ ಶ್ರಮಪಟ್ಟು ಕಂಡುಕೊಂಡ ಮೇಲೆ ಅದನ್ನು ಬುದ್ಧಿಪೂರ್ವಕವಾಗಿ ಬಿಟ್ಟುಕೊಡುವವರೂ ಉಂಟು. ಅಡಕೆಯ ಸಸಿಯನ್ನು ನೆಡುವವರಿಗೆ ತೋಟಗಾರಿಕೆಯ ಶಾಸ್ತ್ರಜ್ಞರು ಕೊಡುವ ಸಲಹೆಯೊಂದನ್ನು ನೋಡಿ: ಉತ್ತರದಕ್ಷಿಣವಾಗಿ ಸಾಲನ್ನು ಹಿಡಿದು, ಅದರ ತೆಂಕಣ ತುದಿಯನ್ನು ಪಶ್ಚಿಮಕ್ಕೆ 35 ಡಿಗ್ರಿಗಳಷ್ಟು ತಿರುಗಿಸಬೇಕು. ಚಳಿಗಾಲದಿಂದ ಬೇಸಗೆಯವರೆಗಿನ ಇಳಿಹೊತ್ತಿನ ಬಿಸಿಲು ನೈಋತ್ಯದಿಂದ ಬಂದು ಎಳೆಯ ಮರದ ಕಾಂಡವನ್ನು ಸುಡುತ್ತದೆ. ಒಮ್ಮೆ ಸುಟ್ಟ ಕಾಂಡ ಒಡೆದು, ಮರ ಮುಂದೊಂದು ಗಾಳಿಗೆ ಮುರಿದು ಬೀಳುವುದೂ ಉಂಟು. ಸಾಲನ್ನೇ ಬಿಸಿಲು ಬರುವ ದಿಕ್ಕಿಗೆ ತಿರುಗಿಸಿದರೆ ಒಂದು ಮರದ ನೆರಳು ಅದರ ಹಿಂದಿನ ಮರದ ಕಾಂಡಕ್ಕೆ ಆಸರೆಯಾಗುತ್ತದೆ. ಅಂಚಿನ ಮರಕ್ಕೆ ಮಾತ್ರ ಯಾರ ನೆರಳೂ ಇಲ್ಲ. ಅದಕ್ಕೆ ತೋಟದವನು ಸೋಗೆ ಕಟ್ಟುತ್ತಾನೆ, ಇಲ್ಲವೆ ಸುಣ್ಣ ಬಳಿಯುತ್ತಾನೆ. ಜಮೀನಿನ ಬೇಲಿಗೆ ಅಡ್ಡಡ್ಡವಾಗಿ ಓಡುವ ಇಂಥ ಸಾಲುಗಳನ್ನು ಕಂಡು ಪಟ್ಟಣದ ನೆಂಟರು ‘ಇದೇನು, ಸೊಟ್ಟಗೆ ನೆಟ್ಟಿದ್ದೀರಿ’ ಎಂದು ನಗಬಹುದು. ತೋಟದವನು ಬೇಲಿಯನ್ನು ನೋಡಿ ನೆಟ್ಟಿರುವುದಿಲ್ಲ, ಬಿಸಿಲನ್ನು ನೋಡಿ ನೆಟ್ಟಿರುತ್ತಾನೆ.

ನೇರವನ್ನು ದೇಶದುದ್ದಕ್ಕೂ ಎಳೆಯಹೊರಟ ಭೂಮಾಪನದ ಚರಿತ್ರೆಯಲ್ಲಿ ಬೆಂಗಳೂರಿಗೆ ಒಂದು ಸ್ಥಾನವಿದೆ. ಶ್ರೀರಂಗಪಟ್ಟಣದ ಪತನಾನಂತರ, 1800ರ ಕೊನೆಯ ತಿಂಗಳುಗಳಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಸಮೀಪದ ಬಯಲಿನಲ್ಲಿ ಏಳು ಮೈಲಿಗೂ ಮಿಕ್ಕ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಏಳೂವರೆ ಮೈಲಿಯ ಇನ್ನೊಂದು ರೇಖೆಯನ್ನು ಹಿಡಿದು ಆತನು ಆರಂಭಿಸಿದ ಕಾರ್ಯವೇ ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯೆಂದು ಪ್ರಸಿದ್ಧವಾಗಿ ಹಿಮಾಲಯದ ತಪ್ಪಲನ್ನು ಮುಟ್ಟಿತು. ಆತನ ಕೈಯಲ್ಲಿದ್ದದ್ದು ನೂರು ಅಡಿಯ ಒಂದು ಉಕ್ಕಿನ ಸರಪಳಿ. ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಬ್ರಿಟಿಷ್ ರಾಯಭಾರದೊಡನೆ ಹೋಗಿ, ಅಲ್ಲಿ ಬೇಡವಾಗಿ, ಹಿಂದಿರುಗುವ ದಾರಿಯಲ್ಲಿ ಭಾರತದಲ್ಲಿಳಿದ ಸರಪಳಿಯದು. ಅದನ್ನು ಮರದ ತೊಟ್ಟಿಗಳಲ್ಲಿ ಮಲಗಿಸಿ, ಬಿಸಿಲಿಗೆ ಉಕ್ಕು ಹಿಗ್ಗುವ ಲೆಕ್ಕಕ್ಕಾಗಿ ಪಕ್ಕದಲ್ಲಿಯೇ ಉಷ್ಣಮಾಪಕಗಳನ್ನಿಟ್ಟು, ದೂರದರ್ಶಕದ ದೃಷ್ಟಿರೇಖೆಯಿಂದ ಗೂಟಗಳನ್ನು ಒಂದೊಂದಾಗಿ ಸಾಲಿಗೆ ತಂದು, ನೂರು ನೂರು ಅಡಿಯಾಗಿ ಮುಂದುವರಿಯುವ ಆ ತಾಳ್ಮೆಯನ್ನು ನೆನೆದರೆ, ನಮ್ಮ ಹಳ್ಳಿಗಳಲ್ಲಿ ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಸರಪಳಿ ಎಳೆಯುತ್ತಿದ್ದ ಮೋಜಣಿದಾರನ ಮೇಲೂ ಗೌರವ ಹುಟ್ಟುತ್ತದೆ.

ಆ ಮಹಾಕಾರ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯವಾದರೋ ಒಂದು ತಪ್ಪಿನದು. ಲ್ಯಾಂಬ್ಟನ್ನನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟ್ ಮಧ್ಯಭಾರತದ ಕಲ್ಯಾಣಪುರಕ್ಕೂ ಹಿಮಾಲಯದ ಕಡೆಗಿರುವ ಕಲಿಯಾನಾಕ್ಕೂ ನಡುವಣ ಅಕ್ಷಾಂಶದ ಅಂತರವನ್ನು ಎರಡು ದಾರಿಗಳಿಂದ ಕಂಡುಹಿಡಿದನು: ನೆಲದ ಮೇಲಿನ ತ್ರಿಕೋನಗಳಿಂದೊಂದು, ಆಕಾಶದ ನಕ್ಷತ್ರಗಳಿಂದೊಂದು. ಎರಡು ಉತ್ತರಗಳಿಗೂ ಐದು ವಿಕಲೆಗಿಂತ ತುಸು ಹೆಚ್ಚಿನ ವ್ಯತ್ಯಾಸ ಬಂದಿತು. ನೆಲದ ಮೇಲೆ ಇದು ಸುಮಾರು 160 ಮೀಟರು. ಸರಪಳಿಯೂ ಸರಿ, ಕೋನಗಳೂ ಸರಿ; ಹಾಗಾದರೆ ದೋಷ ಯಾರದು? ಕಲ್ಕತ್ತೆಯ ಆರ್ಚ್‌ಡೀಕನ್ ಆಗಿದ್ದ ಜಾನ್ ಪ್ರ್ಯಾಟ್ ಎಂಬ ಪಾದ್ರಿ, ಗಣಿತದಲ್ಲಿ ಪಳಗಿದವನು, ದೋಷ ತೂಗುಗುಂಡಿನದೆಂದು ಶಂಕಿಸಿದನು. ಹಿಮಾಲಯದ ದ್ರವ್ಯರಾಶಿ ಗುಂಡನ್ನು ತನ್ನತ್ತ ಸೆಳೆಯುವುದರಿಂದ, ನಕ್ಷತ್ರಗಳನ್ನು ಅಳೆಯಲು ಆಧಾರವಾದ ಲಂಬವೇ ಅಲ್ಲಿ ವಾಲಿತ್ತು. ಆದರೆ 1855ರಲ್ಲಿ ಆ ಸೆಳೆತವನ್ನು ಲೆಕ್ಕಹಾಕಿ ನೋಡಿದಾಗ ವ್ಯತ್ಯಾಸ ಐದಲ್ಲ, ಹದಿನೈದು ವಿಕಲೆಗಿಂತಲೂ ಹೆಚ್ಚಾಗಬೇಕಿತ್ತು! ಅಷ್ಟು ದೊಡ್ಡ ಪರ್ವತ ತನ್ನ ಗಾತ್ರಕ್ಕೆ ತಕ್ಕಂತೆ ಏಕೆ ಸೆಳೆಯಲಿಲ್ಲ? ಇಂಗ್ಲೆಂಡಿನ ರಾಜ ಖಗೋಳಜ್ಞನಾಗಿದ್ದ ಜಾರ್ಜ್ ಏರಿ ಅದೇ ವರ್ಷ ಸೂಚಿಸಿದ ಉತ್ತರವೆಂದರೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತಗಳಿಗೂ ಕೆಳಗೆ ಹಗುರವಾದ ಬೇರುಗಳಿವೆ, ಅವು ಸಾಂದ್ರತರವಾದ ಒಡಲಿನಲ್ಲಿ ತೇಲುತ್ತಿವೆ ಎಂಬುದು. ಭೂಮಿಯ ಹೊರಪದರದ ಸಮತೋಲವನ್ನು ಕುರಿತ ಶಾಸ್ತ್ರ ಹುಟ್ಟಿದ್ದು ಹೀಗೆ, ವಾಲಿದ ಒಂದು ಗುಂಡಿನಿಂದ.

ರಸ್ತೆಯ ಎಂಜಿನಿಯರುಗಳು ಅಲೈನ್‌ಮೆಂಟ್ ಎಂಬ ಇಂಗ್ಲಿಷ್ ಶಬ್ದವನ್ನು ಇನ್ನೊಂದು ಅರ್ಥದಲ್ಲಿ ಬಳಸುತ್ತಾರೆ. ಅವರ ಅಲೈನ್‌ಮೆಂಟ್ ನೇರವಾಗಿರಬೇಕೆಂದೇನೂ ಇಲ್ಲ. ದಾರಿ ಭೂಮಿಯ ಮೇಲೆ ಹಿಡಿದು ಹೋಗುವ ಪಥವೇ ಅದು. ಘಟ್ಟದ ರಸ್ತೆಯ ಜಾಡನ್ನು ಗುರುತಿಸಲು ಸಿಲೋನ್ ಘಾಟ್ ಟ್ರೇಸರ್ ಎಂಬ ಒಂದು ಪುಟ್ಟ ಉಪಕರಣವಿತ್ತು. ಕಂಬಕ್ಕೆ ತೂಗುಬಿಟ್ಟ ಕೊಳವೆಗೆ ಜಾರುವ ತೂಕವೊಂದನ್ನು ಜೋಡಿಸಿದ್ದು, ಬೇಕಾದ ಏರಿನ ಅಂಕೆಗೆ ಅದನ್ನು ಸರಿಸಿದರೆ ಕೊಳವೆ ಅಷ್ಟೇ ಓರೆಗೆ ತೂಗುತ್ತಿತ್ತು. ಅದರೊಳಗಿಂದ ನೋಡುತ್ತ, ಆಳೊಬ್ಬನು ದೂರದಲ್ಲಿ ಹಿಡಿದ ಫಲಕ ಆ ಗೆರೆಗೆ ಬರುವವರೆಗೂ ಅವನನ್ನು ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಸರಿಸಿ ಗೂಟ ನೆಡುತ್ತ ಹೋದರೆ ಸಾಕು, ದಾರಿ ತನ್ನ ತಿರುವುಗಳನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ವಾಂತಿಯನ್ನು ತಡೆದುಕೊಂಡು ಕೂತ ಪ್ರಯಾಣಿಕನಿಗೆ ಇದು ನೇರದ ಸಾಧನೆಯೆಂದು ತೋರದಿರಬಹುದು. ಆದರೂ ಅಲ್ಲಿ ಕಾಯ್ದಿರುವುದು ಏರಿನ ಪ್ರಮಾಣವನ್ನು. ಅದನ್ನು ಕಾಯಬೇಕಾದರೆ ದಿಕ್ಕನ್ನು ಬಿಡಲೇಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲುಮಾರ್ಗದಲ್ಲಿ, ಐವತ್ತಕ್ಕೆ ಒಂದಕ್ಕಿಂತ ಕಡಿದಾಗಕೂಡದೆಂಬ ಒಂದೇ ನಿಯಮಕ್ಕಾಗಿ, 55 ಕಿಲೋಮೀಟರುಗಳಲ್ಲಿ 57 ಸುರಂಗಗಳನ್ನು ಕೊರೆಯಬೇಕಾಯಿತು. ಬಯಲುಸೀಮೆಯಲ್ಲಿ ಮಾತ್ರ ರಸ್ತೆಗಳು ಕಾರಣವಿಲ್ಲದೆ ತಿರುಗುತ್ತವೆ, ಅಥವಾ ಕಾರಣವು ನಕ್ಷೆಯಲ್ಲಿ ಕಾಣುವುದಿಲ್ಲ. ಅಲ್ಲಿ ಯಾರ ಜಮೀನು ಉಳಿಯಿತೆಂಬುದನ್ನು ಊರಿನ ಹಿರಿಯರನ್ನು ಕೇಳಿ ತಿಳಿಯಬೇಕು.

ಸುರಂಗದ ಮಾತು ಬಂದದ್ದರಿಂದ ಒಂದು ಪುರಾತನ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಕ್ರಿ. ಪೂ. 6ನೆಯ ಶತಮಾನದಲ್ಲಿ ಯೂಪಲಿನೋಸ್ ಎಂಬ ಶಿಲ್ಪಿ ಪಟ್ಟಣಕ್ಕೆ ನೀರು ತರುವುದಕ್ಕಾಗಿ ಬೆಟ್ಟವೊಂದನ್ನು ಎರಡು ಕಡೆಗಳಿಂದಲೂ ಏಕಕಾಲದಲ್ಲಿ ಕೊರೆಯಿಸಿದನು; ಉದ್ದ ಒಂದು ಕಿಲೋಮೀಟರಿಗಿಂತ ಹೆಚ್ಚು. ಸಮಾನಾಂತರವಾದ ಎರಡು ಕೊರೆತಗಳು ಪಕ್ಕಪಕ್ಕದಲ್ಲಿಯೇ ಹಾದು ಎಂದೆಂದಿಗೂ ಕೂಡದೆ ಹೋಗುವ ಅಪಾಯವಿರುವುದರಿಂದ, ನಡುವನ್ನು ಸಮೀಪಿಸುತ್ತಲೇ ಆತನು ನೇರವನ್ನು ಕೈಬಿಟ್ಟು ಸುರಂಗವನ್ನು ಬೇಕೆಂದೇ ಬಾಗಿಸಿದನು. ಬಾಗಿದ ಗೆರೆ ಎದುರಿನ ಗೆರೆಯನ್ನು ಎಲ್ಲಿಯಾದರೂ ಅಡ್ಡಹಾಯಲೇಬೇಕಷ್ಟೆ. ಕೂಡಿದುವು. ನಮ್ಮ ಟೈರಂಗಡಿಯ ಮೇಸ್ತ್ರಿಗೆ ಈ ಯೂಪಲಿನೋಸ್ ಸಿಕ್ಕಿದ್ದರೆ ಇಬ್ಬರೂ ಚಹಾ ಕುಡಿಯುತ್ತ ಬಹಳ ಹೊತ್ತು ಮಾತಾಡಬಹುದಿತ್ತು.

ಬೆಳಕಿನ ನೇರವನ್ನೇ ನೋಡುವುದಾದರೆ, ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಣ ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ಕಿಕ್ಕಿರಿದು ನೆರೆಯುತ್ತಾರೆ. ಅದೇ ಬೆಳಕು ನವೆಂಬರಿನ ಕೊನೆಯ ದಿನಗಳಲ್ಲಿಯೂ ಒಳಗೆ ಬರುತ್ತದೆಂಬುದು ಅಷ್ಟು ಜನಕ್ಕೆ ತಿಳಿದಿರಲಾರದು. ಕಾರಣ ಸುಲಭ: ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದ ತುದಿಯನ್ನು ಮುಟ್ಟುವ ಸೂರ್ಯ ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ಅದೇ ಎಡೆಯನ್ನು ದಾಟಲೇಬೇಕು. 2008ರಲ್ಲಿ ಖಗೋಳಜ್ಞೆ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು, ಡೇನಿಯಲ್ ಮನೆತನದ ಚಿತ್ರಕಾರರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದ ಚಿತ್ರಗಳನ್ನು ಈಗಿನ ಕಟ್ಟಡದೊಡನೆ ಹೋಲಿಸಿ, ಆ ಮೇಲಿನ ಕಟ್ಟೋಣಗಳು ಬೆಳಕಿನ ಹಾದಿಯನ್ನು ಬದಲಿಸಿವೆಯೆಂದು ತೋರಿಸಿದರು. ಸಂಕ್ರಾಂತಿಯಾದರೂ ನಿಜವಾದ ಉತ್ತರಾಯಣದಿಂದ ಇಂದು ಮೂರು ವಾರಗಳಿಗೂ ಮಿಕ್ಕು ಸರಿದಿದೆ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುವುದರಿಂದ ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಈ ಅಂತರ ಬೆಳೆಯುತ್ತಲೇ ಇದೆ. ಗೋಡೆ ಸರಿಯಿತು, ಪಂಚಾಂಗ ಸರಿಯಿತು, ಭೂಮಿಯ ಅಕ್ಷವೂ ಸರಿಯುತ್ತಿದೆ. ಆದರೂ ಆ ಸಂಜೆ ಬೆಳಕು ಬಂದಾಗ ಎದ್ದೇಳುವ ಉದ್ಗಾರದಲ್ಲಿ ನನ್ನ ದನಿಯೂ ಸೇರಿದ್ದುಂಟು.

ದೂರದರ್ಶಕದ ಕನ್ನಡಿಯನ್ನೂ ಮಸೂರವನ್ನೂ ಒಂದೇ ಅಕ್ಷಕ್ಕೆ ತರುವ ಕೆಲಸಕ್ಕೆ ಕಾಲಿಮೇಷನ್ ಎಂದು ಹೆಸರು. ಗೆರೆಗೆ ತರುವುದೆಂಬ ಅರ್ಥದ ಲ್ಯಾಟಿನ್ ಪದವೊಂದನ್ನು ಯಾರೋ ತಪ್ಪಾಗಿ ಓದಿದ್ದರಿಂದ ಹುಟ್ಟಿದ ರೂಪವಿದು! ನಿಖರತೆಯ ಹೆಸರೇ ಹಸ್ತದೋಷದ ಸಂತಾನವಾದದ್ದು ವಿನೋದ. ಹಬಲ್ ದೂರದರ್ಶಕದ ಕಥೆಯಲ್ಲಿ ಮಾತ್ರ ವಿನೋದವಿರಲಿಲ್ಲ. 1990ರ ಏಪ್ರಿಲ್ ತಿಂಗಳಲ್ಲಿ ಅಂತರಿಕ್ಷಕ್ಕೇರಿದ ಅದರ 2.4 ಮೀಟರು ಅಗಲದ ಕನ್ನಡಿಯನ್ನು ಅಪೂರ್ವವಾದ ನಯದಿಂದ ಉಜ್ಜಿದ್ದರು. ಆದರೆ ಆ ಉಜ್ಜುವಿಕೆಯನ್ನು ಪರೀಕ್ಷಿಸುವ ಉಪಕರಣದೊಳಗೆ ಮಸೂರವೊಂದು 1.3 ಮಿಲಿಮೀಟರಿನಷ್ಟು ಸ್ಥಾನ ತಪ್ಪಿ ಕೂತಿತ್ತು. ಅಳತೆಯ ಸರಳಿನ ಟೊಪ್ಪಿಗೆಯ ಮೇಲೆ ಬಣ್ಣ ಚೂರು ಕಿತ್ತುಹೋಗಿ, ಬೆಳಕು ಸರಳಿನ ತುದಿಗೆ ಬದಲಾಗಿ ಟೊಪ್ಪಿಗೆಯಿಂದ ಪ್ರತಿಫಲಿಸಿದ್ದೇ ಇದಕ್ಕೆ ಮೂಲ. ಇನ್ನೆರಡು ಸಾಮಾನ್ಯ ಉಪಕರಣಗಳು ದೋಷವನ್ನು ತೋರಿಸಿದ್ದವು. ಅತ್ಯಂತ ಸೂಕ್ಷ್ಮವಾದದ್ದು ಹೇಳುವುದೇ ಸತ್ಯವೆಂದು ನಂಬಿ ಅವುಗಳ ಸಾಕ್ಷ್ಯವನ್ನು ತಳ್ಳಿಹಾಕಿದರು. ಹೀಗೆ ಕನ್ನಡಿಯು ತಪ್ಪಾದ ಆಕಾರಕ್ಕೆ ಅತ್ಯಂತ ನಿಷ್ಠೆಯಿಂದ ಸಿದ್ಧವಾಯಿತು. ಅಂಚಿನಲ್ಲಿ ದೋಷವಿದ್ದದ್ದು ಮಿಲಿಮೀಟರಿನ ಐನೂರರಲ್ಲೊಂದು ಪಾಲಿನಷ್ಟು, ನಕ್ಷತ್ರಗಳು ಮಾತ್ರ ಮಬ್ಬು ಮಬ್ಬು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಅದೇ ತಪ್ಪಿನ ಅಳತೆಗೆ ಸರಿಯಾಗಿ ವಿರುದ್ಧವಾದ ತಪ್ಪನ್ನುಳ್ಳ ದೃಗುಪಕರಣಗಳನ್ನು ಜೋಡಿಸಿ ಬಂದರು.

ಛಾಯಾಗ್ರಹಣದಲ್ಲಿ ಈ ಓರೆನೇರಗಳ ಲೆಕ್ಕಾಚಾರ ಪ್ರತಿನಿತ್ಯದ್ದು. ಕ್ಯಾಮರಾವನ್ನು ಮೇಲಕ್ಕೆತ್ತಿ ಗೋಪುರವೊಂದರ ಚಿತ್ರ ತೆಗೆದರೆ ಅದರ ಎರಡು ಬದಿಗಳೂ ತುದಿಯಲ್ಲಿ ಒಂದರ ಕಡೆಗೊಂದು ವಾಲಿ, ಗೋಪುರ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಮದರಾಸಿನ ಸೇನಾಧಿಕಾರಿಯು ಬೇಲೂರು ಹಳೇಬೀಡುಗಳ ಗುಡಿಗಳನ್ನು ಚಿತ್ರಿಸಿದ ಕಾಲದಿಂದಲೂ ಕಟ್ಟಡವನ್ನು ಚಿತ್ರಿಸುವವರನ್ನು ಕಾಡಿದ ತೊಡಕಿದು. ತಿದಿಯಂತೆ ಹಿಗ್ಗಿ ಕುಗ್ಗುವ ದೊಡ್ಡ ಕ್ಯಾಮರಾಗಳವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು: ಹಿಂದಣ ಗಾಜನ್ನು ಗೋಡೆಗೆ ಸಮಾನಾಂತರವಾಗಿ ಲಂಬದಲ್ಲಿಯೇ ಬಿಟ್ಟು ಮಸೂರವನ್ನು ಮಾತ್ರ ಮೇಲಕ್ಕೆ ಸರಿಸುವುದು. ಇನ್ನೂ ಮುಂದೆ ಹೋಗಿ, ಮಸೂರವನ್ನೇ ಓರೆಮಾಡಿದರೆ ಏನಾಗುವುದೆಂಬುದನ್ನು ಆಸ್ಟ್ರಿಯಾದ ಸೈನ್ಯಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ 1904ರ ತನ್ನ ಪೇಟೆಂಟಿನಲ್ಲಿ ವಿವರಿಸಿದನು: ವಸ್ತುವಿನ ತಲ, ಮಸೂರದ ತಲ, ಫಿಲ್ಮಿನ ತಲ ಈ ಮೂರೂ ಒಂದೇ ಗೆರೆಯಲ್ಲಿ ಸಂಧಿಸಿದರೆ, ಕಾಲ ಬುಡದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಇಡೀ ಬಯಲು ಸ್ಫುಟವಾಗಿ ಮೂಡುತ್ತದೆ. ಮೂರೂ ಸಮಾನಾಂತರವಾಗಿದ್ದಾಗ ದೊರೆಯದ ಸ್ಫುಟತೆ, ಮೂರೂ ನಿಯಮಬದ್ಧವಾಗಿ ಓರೆಯಾದಾಗ ದೊರೆಯುತ್ತದೆ.

ನಾನು ಬಾಲ್ಯದಲ್ಲಿ ಕಂಡ ಸ್ಟುಡಿಯೋದ ಯಜಮಾನರೊಬ್ಬರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ನಮ್ಮ ಸಂಸಾರವನ್ನು ಬಹಳ ಹೊತ್ತು ನೋಡುತ್ತಿದ್ದರು. ತಲೆಕೆಳಗಾಗಿ ಕಂಡರೇ ಒಳ್ಳೆಯದಂತೆ. ಆಗ ಮುಖಗಳು ಮರೆತು ಗೆರೆಗಳು ಮಾತ್ರ ಕಾಣುತ್ತವೆಯಂತೆ. ಎತ್ತರದ ಕಟ್ಟಡಗಳ ಚಿತ್ರದಲ್ಲಿ ಮಾತ್ರ ಅವರು ಲಂಬಗಳನ್ನು ಪೂರ್ತಿಯಾಗಿ ತಿದ್ದುತ್ತಿರಲಿಲ್ಲ. ಅಳತೆಗೆ ಸರಿಯಾಗಿ ನಿಲ್ಲಿಸಿದರೆ ಕಟ್ಟಡದ ತಲೆ ಬುಡಕ್ಕಿಂತ ಅಗಲವಾಗಿ ಕಾಣುತ್ತದೆಂದು, ಎಳ್ಳಷ್ಟು ವಾಲನ್ನು ಬೇಕೆಂದೇ ಉಳಿಸುತ್ತಿದ್ದರು.

ಅವರು ತೆಗೆದ ಆ ಸಂಸಾರದ ಚಿತ್ರವನ್ನು ಮೊನ್ನೆ ಹೊಸ ಕಟ್ಟು ಹಾಕಿಸಿ ಹಳೆಯ ಮನೆಯ ನಡುಮನೆಯಲ್ಲಿ ತೂಗುಹಾಕುವಾಗ, ಇಷ್ಟೆಲ್ಲ ಯೋಚಿಸಿದವನ ಠೀವಿಯಿಂದ, ಗಾರೆಯವನಿಂದ ರಸಮಟ್ಟವನ್ನು ಕೇಳಿ ತಂದು, ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಲ್ಲುವವರೆಗೂ ಚೌಕಟ್ಟನ್ನು ಸರಿಸಿ ಸರಿಸಿ ಮೊಳೆ ಹೊಡೆದೆನು. ಮನೆಯಾಕೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡಿ, ‘ಇದೇನ್ರೀ, ಹೀಗೆ ವಾರೆಯಾಗಿ ಹಾಕಿದ್ದೀರಿ’ ಎಂದಳು. ದೂರ ಸರಿದು ನೋಡಿದೆನು, ವಾರೆಯೇ. ನೂರು ಮಳೆಗಾಲಗಳನ್ನು ಕಂಡ ಆ ಮನೆಯ ತೊಲೆ ಬಡಗಣ ಕಡೆಗೆ ಎರಡು ಬೆರಳಿನಷ್ಟು ಕುಸಿದಿತ್ತು. ಅದರ ಕೆಳಗೆ ರಸಮಟ್ಟದ ಮಾತನ್ನು ಕೇಳಿ ನಿಂತ ಚಿತ್ರವೊಂದೇ ಇಡೀ ಮನೆಯಲ್ಲಿ ಸೊಟ್ಟಗಿದ್ದಂತೆ ಕಾಣುತ್ತಿತ್ತು. ಬಡಗಣ ಮೂಲೆಯನ್ನು ಎರಡು ಕೂದಲೆಳೆಯಷ್ಟು ಕೆಳಗಿಳಿಸಿ, ‘ಈಗ?’ ಎಂದೆನು. ‘ಇನ್ನೊಂಚೂರು’ ಎಂದಳು.